ಬೌಂಡರಿ ವಾಟರ್ಸ್‌ನಲ್ಲಿ ಐದು ದಿನ ಕನೂ ಪ್ರಯಾಣ: ಮಕ್ಕಳಿರುವ ಗುಂಪಿಗೆ ಯಾವ ದಾರಿ?

ಹೇಮಾವತಿ ಹೊನಲು

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್ ಕೊನೆಗೆ ಬೌಂಡರಿ ವಾಟರ್ಸ್‌ಗೆ, ಅಂದರೆ ಮಿನ್ನೆಸೋಟದಲ್ಲಿ ಕೆನಡಾ ಗಡಿ ಪಕ್ಕದ ಕೆರೆಗಳ ಕಾಡಿಗೆ, ಹೋಗೋದು ಅಂತ ಎರಡು ಮನೆಯವರು ಸೇರಿ ತೀರ್ಮಾನ ಮಾಡಿದ್ದೀವಿ. ನಾಲ್ಕು ಜನ ದೊಡ್ಡವರು, 12 ವರ್ಷದ ಮಗಳು, 9 ವರ್ಷದ ಮಗ. ಎಲ್ಲರಿಗೂ ಈಜು ಬರುತ್ತೆ. ಮಿನಿಯಾಪೊಲಿಸ್ ಕೆರೆಗಳಲ್ಲಿ ಬಾಡಿಗೆ ಕನೂ ತಗೊಂಡು ಹುಟ್ಟು ಹಾಕಿ ಅಭ್ಯಾಸ ಇದೆ. ಆದರೆ ದೋಣಿ ಹೊತ್ತು ಕಾಡಿನಲ್ಲಿ ನಡೆದು, ಮುಂದಿನ ಕೆರೆಗೆ ಇಳಿಸಿ, ರಾತ್ರಿ ಅಲ್ಲೇ ಟೆಂಟ್ ಹಾಕೋದು ಇದೇ ಮೊದಲು.

ನಕ್ಷೆ ನೋಡಿ ಹಾಕಿಕೊಂಡ ದಾರಿ ಹೀಗಿದೆ: ಲೇಕ್ ಒನ್‌ನಲ್ಲಿ ಇಳಿಯೋದು, ಲೇಕ್ ಟೂ, ತ್ರೀ, ಫೋರ್, ಹಡ್ಸನ್, ಇನ್ಸುಲಾ, ಅಲ್ಲಿಂದ ಕಿಯಾನಾ, ಥಾಮಸ್, ಐಮಾ, ಎನ್ಸೈನ್ ಮೇಲೆ ಹೋಗಿ ಮೂಸ್ ಲೇಕ್‌ನಲ್ಲಿ ಹೊರಗೆ ಬರೋದು. ಐದು ದಿನ, ನಾಲ್ಕು ರಾತ್ರಿ. ಹೋದ ದಾರಿಯಲ್ಲೇ ವಾಪಸ್ ಬರೋದು ಬೇಡ ಅನ್ನೋದೊಂದೇ ಆಸೆ.

ಇದು ಆಗುತ್ತಾ? ಹಗುರ ನಾರಿನಿಂದ ಮಾಡಿದ ಕೆವ್ಲಾರ್ ದೋಣಿಗೆ ಹೆಚ್ಚು ದುಡ್ಡು ಕೊಡಬೇಕಾ, ಅಲ್ಯೂಮಿನಿಯಂ ಸಾಕಾ? ನಾವು ಪೂರ್ತಿ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡೋದು? ಕರಡಿ ಭಯ ಎಷ್ಟರ ಮಟ್ಟಿಗೆ ನಿಜ? ಇನ್ನೊಂದು, ನಮ್ಮಲ್ಲಿ ಇಬ್ಬರದು ಎಚ್-1ಬಿ ವೀಸಾ. ಕೆನಡಾ ಗಡಿ ಪಕ್ಕದಲ್ಲೇ ಇರೋದರಿಂದ ಏನಾದರೂ ತೊಂದರೆ ಇದೆಯಾ?

ಎಲಿ ದಾರಿಹೋಕ

ದಾರಿ ಬಹಳ ಚೆನ್ನಾಗಿದೆ. ಆದರೆ ಈ ಗುಂಪಿಗೆ ಐದು ದಿನಕ್ಕೆ ಅಲ್ಲ. ಯಾಕೆ ಅಂತ ವಿವರವಾಗಿ ಹೇಳ್ತೀನಿ, ಬೇಜಾರಾಗಬೇಡಿ.

ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಹೊತ್ತು ನಡೆಯೋ ದಾರಿಗೆ ಪೋರ್ಟೇಜ್ ಅಂತಾರೆ, ಅದರ ದೂರವನ್ನು ಅಲ್ಲಿ ರಾಡ್ ಲೆಕ್ಕದಲ್ಲಿ ಬರೆದಿರ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ. ಲೇಕ್ ಒನ್‌ನಿಂದ ಟೂಗೆ ಎರಡು ಸಣ್ಣ ಪೋರ್ಟೇಜ್, 30 ಮತ್ತು 40 ರಾಡ್, ನಡುವೆ ಒಂದು ಪುಟ್ಟ ಕೊಳ. ಟೂ, ತ್ರೀ, ಫೋರ್ ನಡುವೆ ಹೊರೋದೇ ಇಲ್ಲ, ನೀರಲ್ಲೇ ಸಾಗಬಹುದು. ಫೋರ್‌ನಿಂದ ಹಡ್ಸನ್‌ಗೆ ಮೂರು ಸಣ್ಣವು. ಇಲ್ಲಿಯವರೆಗೆ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ.

ಹಡ್ಸನ್‌ನಿಂದ ಇನ್ಸುಲಾಗೆ 105 ರಾಡ್, ಸುಮಾರು ಅರ್ಧ ಕಿಲೋಮೀಟರ್. ಇನ್ಸುಲಾದಿಂದ ಕಿಯಾನಾಗೆ 180ರ ಆಸುಪಾಸು. ಕೇಳೋಕೆ ಕಡಿಮೆ ಅನ್ನಿಸುತ್ತೆ. ಆದರೆ ನೀವು ಎಲ್ಲಾ ಸಾಮಾನನ್ನೂ ಒಂದೇ ಸಲ ಹೊರಲಾರಿರಿ. ಹೊತ್ತು ಹೋಗಿ, ಬರಿಗೈಲಿ ವಾಪಸ್ ಬಂದು, ಮತ್ತೆ ಹೊತ್ತು ಹೋಗಬೇಕು. ಅಂದರೆ ಪ್ರತಿ ಪೋರ್ಟೇಜ್ ಮೂರು ಪಟ್ಟು. 105 ರಾಡ್ ಹೋಗಿ ಒಂದು ಮೈಲಿ ಆಯ್ತು, ಕಿಯಾನಾದ್ದು ಸುಮಾರು 2.7 ಕಿಲೋಮೀಟರ್. ಬೇರು, ಬಂಡೆ, ಕೆಸರಿನ ದಾರಿ, ತಲೆ ಮೇಲೆ ದೋಣಿ. ಅಲ್ಲಿಂದಾಚೆ ಐಮಾ ಕಡೆಗೆ ಸಣ್ಣ ಸಣ್ಣ ಪೋರ್ಟೇಜ್ ಸಾಲಾಗಿ ಬರುತ್ತವೆ. ಪ್ರತಿಯೊಂದರಲ್ಲೂ ಇಳಿಸು, ಹೊರು, ಮತ್ತೆ ತುಂಬು. ಸಮಯ ತಿನ್ನೋದು ಇದೇ, ನಡಿಗೆ ಅಲ್ಲ.

ಇಷ್ಟೇ ಆಗಿದ್ದರೆ ಗಟ್ಟಿ ಮನಸ್ಸು ಮಾಡಿ ಮುಗಿಸಿ ಅಂತಿದ್ದೆ. ನಿಜವಾದ ಕಾರಣ ಗಾಳಿ. ಇನ್ಸುಲಾ ದೊಡ್ಡ ಕೆರೆ. ಮಧ್ಯಾಹ್ನ ಗಾಳಿ ಎದ್ದರೆ ಬೇಸಿಗೆಯಲ್ಲೂ ಅಲೆಗಳ ತಲೆ ಬೆಳ್ಳಗಾಗುತ್ತೆ. ಅಂಥ ದಿನ ದಡದಲ್ಲಿ ಕೂರಲೇಬೇಕು. ಊರಲ್ಲಿ ಗಾಳಿ ಬಂದಾಗ ತೂರಿಕೋ ಅಂತಾರೆ, ಇಲ್ಲಿ ಗಾಳಿ ಬಂದಾಗ ಕೂತುಕೋ. ನಿಮ್ಮ ದಾರಿಯಲ್ಲಿ ಹಾಗೆ ಕೂರೋಕೆ ಒಂದು ದಿನವೂ ಮಿಕ್ಕಿಲ್ಲ. ಕಾರು ಮೂಸ್ ಲೇಕ್‌ನಲ್ಲಿ ಕಾಯ್ತಿದೆ, ಸೋಮವಾರ ಆಫೀಸಿದೆ ಅಂತ ಅಲೆಗೆ ಇಳಿಯೋದು, ಅದೂ ಮಕ್ಕಳನ್ನು ಕೂರಿಸಿಕೊಂಡು, ಸರಿಯಲ್ಲ.

ನನ್ನ ಸಲಹೆ: ಲೇಕ್ ಒನ್‌ನಲ್ಲೇ ಇಳಿಯಿರಿ, ತ್ರೀ ಅಥವಾ ಫೋರ್‌ನಲ್ಲಿ ಒಂದೆರಡು ರಾತ್ರಿ, ಆಮೇಲೆ ಹಡ್ಸನ್. ಹವೆ ಚೆನ್ನಾಗಿದ್ದರೆ ಸಾಮಾನನ್ನು ಹಡ್ಸನ್‌ನಲ್ಲೇ ಬಿಟ್ಟು, ಖಾಲಿ ದೋಣಿ ಹೊತ್ತು ಇನ್ಸುಲಾ ನೋಡಿಕೊಂಡು ಬನ್ನಿ. ಹೋದ ದಾರಿಯಲ್ಲೇ ವಾಪಸ್ ಬಂದರೂ ಕೆರೆ ಎರಡನೇ ಸಲಕ್ಕೆ ಬೇರೆಯಾಗೇ ಕಾಣುತ್ತೆ, ನಂಬಿ.

ನೇತ್ರಾವತಿ ದಡ

ಕರಡಿ ಬಗ್ಗೆ ಎಲ್ಲರೂ ಕೇಳ್ತಾರೆ ಮಾರಾಯ್ರೆ, ನೀರಿನ ಚಳಿ ಬಗ್ಗೆ ಯಾರೂ ಕೇಳುವುದಿಲ್ಲ. ಅಲ್ಲಿ ಕೆರೆ ಮೇಲಿನ ಮಂಜುಗಡ್ಡೆ ಕರಗುವುದೇ ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ. ಮೇ, ಜೂನ್‌ನಲ್ಲಿ ದೋಣಿ ಮಗುಚಿದರೆ ಈಜು ಬಂದರೂ ಪ್ರಯೋಜನ ಕಡಿಮೆ. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದು ನಿಲ್ಲುತ್ತದೆ. ಆಗಸ್ಟ್‌ನಲ್ಲಿ ನೀರು ಅಷ್ಟು ತಂಪಿರುವುದಿಲ್ಲ, ಅದಕ್ಕೇ ನೀವು ಆರಿಸಿದ ತಿಂಗಳು ಒಳ್ಳೆಯದು. ಕಚ್ಚುವ ಕಪ್ಪು ನೊಣದ ಕಾಲ ಮುಗಿದಿರುತ್ತದೆ, ಸೊಳ್ಳೆಯೂ ಇಳಿದಿರುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಮಿನ್ನೆಸೋಟ ಕಾನೂನಿನ ಪ್ರಕಾರ ದೋಣಿಯಲ್ಲಿ ತಲೆಗೊಂದು ಇರಲೇಬೇಕು, 10 ವರ್ಷಕ್ಕಿಂತ ಚಿಕ್ಕವರು ತೊಟ್ಟೇ ಇರಬೇಕು. ಕಾನೂನು ಅಷ್ಟು ಹೇಳಿದರೆ ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ದೊಡ್ಡವರೂ ಜಿಪ್ ಹಾಕಿಯೇ ಕೂತಿರಿ. ಸೀಟಿನ ಕೆಳಗೆ ಇಟ್ಟ ಜಾಕೆಟ್ ಮಗುಚಿದಾಗ ಕೈಗೆ ಸಿಗುವುದಿಲ್ಲ.

ದಡ ಬಿಟ್ಟು ನಡುನೀರಿಗೆ ಹೋಗಬೇಡಿ. ಬೆಳಿಗ್ಗೆ ಆರೂವರೆಗೆ ಹೊರಟು ಮಧ್ಯಾಹ್ನ ಒಂದರೊಳಗೆ ಕ್ಯಾಂಪ್ ಹಿಡಿಯಿರಿ. ಆಗಸ್ಟ್‌ನಲ್ಲಿ ಗುಡುಗು ಮಳೆ ಸಾಮಾನ್ಯ. ಗುಡುಗಿದ್ದು ಕೇಳಿದರೆ ಕೂಡಲೇ ದಡ.

ಧಾರವಾಡದಾಂವ

ನಾ ಸ್ವಲ್ಪ ಬ್ಯಾರೆ ಮಾತು ಹೇಳ್ತೀನ್ರಿ. ದಾರಿಹೋಕರು ಹೇಳಿದ್ದು ಖರೆ ಅದ, ಆದ್ರ ಆ ನಂಬರ್ ಕೆರಿಗೋಳು ಭಾಳ ಮಂದಿ ಹೋಗೋ ಜಾಗಾ. ಫೋರ್ ತನಕಾ ಪ್ರತಿ ಕ್ಯಾಂಪಿನ್ಯಾಗೂ ಮಂದಿ ಇರ್ತಾರ. ಅಷ್ಟು ದೂರ ಹೋಗಿ ನಿಶ್ಶಬ್ದ ಸಿಗಲಿಲ್ಲಂದ್ರ ಏನು ಬಂತು? ಆರು ದಿನ ಮಾಡ್ಕೊಂಡು, ಸಾಮಾನು ಅರ್ಧಾ ಕಡಿಮಿ ಮಾಡಿ, ಅದೇ ಸುತ್ತು ಹೊಡೀರಿ. ಮಕ್ಕಳು ನಾವು ತಿಳ್ಕೊಂಡಕ್ಕಿಂತ ಗಟ್ಟಿ ಇರ್ತಾವ. 12 ವರ್ಷದ ಹುಡುಗಿ ತನ್ನ ಚೀಲಾ ತಾನ ಹೊರ್ತಾಳ.

ಥಾಮಸ್ ಕೆರಿ ದಂಡಿ ಮ್ಯಾಲೆ ರಾತ್ರಿ ಲೂನ್ ಹಕ್ಕಿ ಕೂಗೋದು ಕೇಳ್ರಿ ಒಮ್ಮೆ. ಒಂದು ಕೂಗತದ, ಆಚೆ ಕೆರಿಂದ ಇನ್ನೊಂದು ಉತ್ತರ ಕೊಡತದ. ಮನಿಗೆ ಬಂದ ಮ್ಯಾಲೂ ಕಿವಿಯೊಳಗ ಉಳೀತದ.

ಎಲಿ ದಾರಿಹೋಕ

ಧಾರವಾಡದವರೇ, ಆರನೇ ದಿನ ಸಿಕ್ಕರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತೆ. ಸಿಗದಿದ್ದರೆ ಸುತ್ತು ಬೇಡ. ಜನಸಂದಣಿ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೇ ಹಡ್ಸನ್ ಅಂದಿದ್ದು. ಫೋರ್ ದಾಟಿ ಆ ಮೂರು ಪೋರ್ಟೇಜ್ ಮಾಡೋಕೆ ಬಹಳ ಗುಂಪುಗಳು ಮನಸ್ಸು ಮಾಡಲ್ಲ.

ದೋಣಿ ಬಗ್ಗೆ: ಕೆವ್ಲಾರ್ ತಗೊಳ್ಳಿ, ಯೋಚನೆ ಬೇಡ. 17 ಅಡಿ ಅಲ್ಯೂಮಿನಿಯಂ ದೋಣಿ 34 ಕೆ.ಜಿ. ಆಸುಪಾಸು, ಅದೇ ಇಬ್ಬರ ಕೆವ್ಲಾರ್ 19 ಕೆ.ಜಿ. ಈ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತೆ. ನಿಮ್ಮ ಆರು ಜನಕ್ಕೆ ಮೂರು ದೋಣಿ ಬೇಡ, ಮೂರು ಸೀಟಿನ ಎರಡು ದೋಣಿ ಸಾಕು. ಹಿಂದೆ ಮುಂದೆ ದೊಡ್ಡವರು, ನಡುವೆ ಮಗು. ಮೂರು ದೋಣಿ ಮಾಡಿದರೆ 9 ವರ್ಷದ ಹುಡುಗ ಮುಂದಿನ ಸೀಟಿಗೆ ಬರ್ತಾನೆ, ಎದುರುಗಾಳಿ ಬಂದಾಗ ಆ ದೋಣಿ ಹಿಂದೆ ಬೀಳುತ್ತೆ. ಎರಡಾದರೆ ಪೋರ್ಟೇಜ್ ಲೆಕ್ಕವೂ ಹಗುರ: ಇಬ್ಬರ ತಲೆ ಮೇಲೆ ದೋಣಿ, ಇಬ್ಬರ ಬೆನ್ನ ಮೇಲೆ ದೊಡ್ಡ ಚೀಲ, ಮಕ್ಕಳ ಕೈಲಿ ಹುಟ್ಟು ಮತ್ತು ಜಾಕೆಟ್. ಉಳಿದ ಚೀಲಕ್ಕೆ ಇನ್ನೊಂದು ಸುತ್ತು.

ಕೆವ್ಲಾರ್‌ನ ಒಂದೇ ತೊಂದರೆ, ಬಂಡೆಗೆ ಉಜ್ಜಿದರೆ ಹರಿಯುತ್ತೆ. ಅಲ್ಯೂಮಿನಿಯಂ ಥರ ದಡಕ್ಕೆ ಎಳೆಯೋ ಹಾಗಿಲ್ಲ. ದಡ ಇನ್ನೂ ಒಂದು ದೋಣಿ ದೂರ ಇರುವಾಗಲೇ ನಿಲ್ಲಿಸಿ, ದೋಣಿಯನ್ನು ಅಡ್ಡಕ್ಕೆ ತಿರುಗಿಸಿ, ಮೊಣಕಾಲು ನೀರಿಗೆ ಇಳಿಯಬೇಕು. ಮೊದಲು ಮುಂದಿನವರು ಇಳಿದು ಅಂಚು ಹಿಡೀತಾರೆ, ಆಮೇಲೆ ಮಗು, ಆಮೇಲೆ ಹಿಂದಿನವರು. ದೋಣಿ ತೇಲುತ್ತಿರುವಾಗಲೇ ಚೀಲ ಒಂದೊಂದಾಗಿ ದಡಕ್ಕೆ. ಖಾಲಿಯಾದ ಮೇಲೆ ಎತ್ತೋದು. ಹೊಸಬರು ಒಬ್ಬರೇ ತೊಡೆ ಮೇಲೆ ಹೊರಳಿಸಿ ಎತ್ತೋಕೆ ಹೋಗಬೇಡಿ, ಸೊಂಟ ಹಿಡಿಯುತ್ತೆ. ದೋಣಿ ಬೋರಲು ಹಾಕಿ, ಹಿಂದಿನ ತುದಿ ನೆಲದಲ್ಲೇ ಇರಲಿ, ಒಬ್ಬರು ಮುಂದಿನ ತುದಿಯನ್ನು ತಲೆ ಮೇಲಕ್ಕೆ ಎತ್ತಿ ಹಿಡಿಯಲಿ. ಹೊರುವವರು ಕೆಳಗೆ ನುಗ್ಗಿ, ನಡುವಿನ ನೊಗದ ಮೆತ್ತೆಗೆ ಎರಡೂ ಭುಜ ಕೊಟ್ಟು ನೆಟ್ಟಗೆ ನಿಲ್ಲಲಿ. ತೂಕ ಸಮ ಬಂತಾ ನೋಡಿಕೊಂಡು, ಆಮೇಲೆ ಇನ್ನೊಬ್ಬರು ಕೈ ಬಿಡಲಿ. ಮನೆ ಹಿಂದಿನ ಅಂಗಳದಲ್ಲಿ ಇದನ್ನು ಮೂರು ನಾಲ್ಕು ಸಲ ಮಾಡಿ ನೋಡಿ.

ಅಂದಹಾಗೆ, ಶೂ ಒದ್ದೆಯಾಗೇ ಆಗುತ್ತೆ. ನೀರು ಸೋರಿ ಹೋಗುವ, ಹಿಮ್ಮಡಿ ಬಿಗಿಯಾಗಿರುವ ಹಳೇ ಶೂ ಹಗಲಿಗೆ. ಕ್ಯಾಂಪಿಗೆ ಒಣ ಜೋಡಿ ಬೇರೆ. ಚಪ್ಪಲಿಯಲ್ಲಿ ಪೋರ್ಟೇಜ್ ಬೇಡವೇ ಬೇಡ.

ಹೇಮಾವತಿ ಹೊನಲು

ಆರನೇ ದಿನ ಸಾಧ್ಯವಿಲ್ಲ, ರಜೆ ಇಲ್ಲ. ಹಾಗಾಗಿ ಸುತ್ತು ಬಿಟ್ಟೆವು. ಮಗಳಿಗೆ ಹೇಳಿದಾಗ ಸ್ವಲ್ಪ ಮುಖ ಸಣ್ಣಗಾಯ್ತು, ಇನ್ಸುಲಾಗೆ ಖಾಲಿ ದೋಣಿಯಲ್ಲಿ ಹೋಗೋಣ ಅಂದ ಮೇಲೆ ಸರಿಹೋಯ್ತು. ಊಟದ ವಿಷಯ ಯಾರಾದರೂ ಹೇಳ್ತೀರಾ? ಹೊರಡುವ ಎರಡು ಮನೆಯ ಅಮ್ಮಂದಿರಿಗೂ ಇದೇ ಚಿಂತೆ.

ಹುರಿಹಿಟ್ಟು

ನಮ್ಮ ಅಡುಗೆಮನೆ ಈ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಅಂಗಡಿಯ ಒಣ ಊಟದ ಪೊಟ್ಟಣಗಳು ದುಬಾರಿ, ಉಪ್ಪು ಜಾಸ್ತಿ, ಸಸ್ಯಾಹಾರದಲ್ಲಿ ಆಯ್ಕೆ ಕಡಿಮೆ. ನೀವೇ ಮಾಡಿಕೊಳ್ಳಿ.

ಬೆಳಿಗ್ಗೆ ಒಲೆ ಹಚ್ಚಬೇಡಿ, ಬೇಗ ಹೊರಡಬೇಕಲ್ಲ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಹಾಲಿನ ಪುಡಿ ಮೊದಲೇ ಬೆರೆಸಿ ತಲೆಗೊಂದರಂತೆ ಪೊಟ್ಟಣ ಕಟ್ಟಿ, ತಣ್ಣೀರಲ್ಲೇ ಕಲಸಬಹುದು. ಇಲ್ಲವೇ ಗೊಜ್ಜವಲಕ್ಕಿ: ತರಿಯಾದ ಅವಲಕ್ಕಿಗೆ ಹುಣಸೆ ಪುಡಿ, ಸಾರಿನ ಪುಡಿ, ಬೆಲ್ಲ, ಒಣಕೊಬ್ಬರಿ ಮನೆಯಲ್ಲೇ ಬೆರೆಸಿ ಒಯ್ದರೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಸಾಕು. ಮಧ್ಯಾಹ್ನಕ್ಕೆ ಚಪಾತಿ ಮೊದಲ ಎರಡು ದಿನ ಚೆನ್ನಾಗಿರುತ್ತೆ, ಆಮೇಲೆ ಟೋರ್ಟಿಯಾ. ಜೊತೆಗೆ ಶೇಂಗಾ ಚಟ್ನಿಪುಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಪ್ಪ. ರಾತ್ರಿಗೆ ಹುರಿದ ರವೆಯ ಉಪ್ಪಿಟ್ಟು, ಒಗ್ಗರಣೆ ಮನೆಯಲ್ಲೇ ಹಾಕಿಟ್ಟರೆ ಅಲ್ಲಿ ಬಿಸಿನೀರಷ್ಟೇ. ಬಿಸಿಬೇಳೆಭಾತ್ ಬೇಕೆಂದರೆ ಅನ್ನ, ಬೇಳೆ ಬೇಯಿಸಿ ಡೀಹೈಡ್ರೇಟರ್‌ನಲ್ಲಿ ಪೂರ್ತಿ ಒಣಗಿಸಿ. ತರಕಾರಿ ಸಣ್ಣಗೆ ಹೆಚ್ಚಿ ಒಣಗಿಸಬೇಕು, ದಪ್ಪ ಹೋಳು ಮೆತ್ತಗಾಗಲ್ಲ.

ನೆನಪಿರಲಿ, ಒಳಗೆ ಟಿನ್ ಡಬ್ಬಿ, ಗಾಜಿನ ಬಾಟಲಿ ನಿಷೇಧ. ಉಪ್ಪಿನಕಾಯಿ ಜಾಡಿ, ಜ್ಯೂಸ್ ಕ್ಯಾನ್ ಎಲ್ಲವೂ ಈ ಸಾಲಿಗೇ. ಒಲೆಯ ಇಂಧನ, ಔಷಧಿ, ಸೊಳ್ಳೆ ಎಣ್ಣೆ ಬಾಟಲಿಗೆ ವಿನಾಯಿತಿ ಇದೆ. ಉಪ್ಪಿನಕಾಯಿ ಬೇಕಿದ್ದರೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ.

ಎಲಿ ದಾರಿಹೋಕ

ಹುರಿಹಿಟ್ಟು ಅವರ ಮಾತಿಗೆ ಕರಡಿ ವಿಷಯ ಸೇರಿಸ್ತೀನಿ. ಅಲ್ಲಿರೋದು ಕಪ್ಪು ಕರಡಿ. ಅದಕ್ಕೆ ಬೇಕಿರೋದು ನಿಮ್ಮ ಊಟ, ನೀವಲ್ಲ. ಇಂಗು, ಒಗ್ಗರಣೆ, ತುಪ್ಪ ಇವುಗಳ ವಾಸನೆ ದೂರ ಹೋಗುತ್ತೆ, ಹಾಗಾಗಿ ನಾವು ಇನ್ನಷ್ಟು ಶಿಸ್ತಿನಿಂದ ಇರಬೇಕು. ಊಟ, ಕಸ, ಟೂತ್‌ಪೇಸ್ಟ್ ಎಲ್ಲವೂ ಒಂದೋ ಕರಡಿಗೆ ಜಗ್ಗದ ಗಟ್ಟಿ ಡಬ್ಬಿಯಲ್ಲಿ, ಇಲ್ಲವೇ ಕರಡಿಗೆ ಎಟುಕದಷ್ಟು ಎತ್ತರದಲ್ಲಿ, ಮರದ ಕಾಂಡದಿಂದ ದೂರ ನೇತಾಡುತ್ತಿರಬೇಕು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೊಂಬೆ ಹುಡುಕೋದು ಕಷ್ಟ. ನಿಮ್ಮಂಥ ಗುಂಪಿಗೆ ಬಾಡಿಗೆ ಡಬ್ಬಿಯೇ ಸುಲಭ. ಟೆಂಟ್ ಒಳಗೆ ಒಂದು ಚಿಕ್ಕಿ ತುಂಡೂ ಬೇಡ, ಮಕ್ಕಳ ಜೇಬು ಮಲಗುವ ಮುಂಚೆ ನೋಡಿ.

ಪಾತ್ರೆ ತೊಳೆಯೋದು, ಸೋಪು ಹಾಕೋದು ನೀರಿನಿಂದ 150 ಅಡಿ ಆಚೆ. ಕುಡಿಯುವ ನೀರು ಸೋಸಲೇಬೇಕು. ಎಷ್ಟೇ ತಿಳಿಯಾಗಿದ್ದರೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ರೋಗಾಣು ಕಣ್ಣಿಗೆ ಕಾಣಲ್ಲ. ಮರಕ್ಕೆ ತೂಗುಹಾಕುವ ಫಿಲ್ಟರ್ ಚೀಲ ಆರು ಜನಕ್ಕೆ ಅನುಕೂಲ.

ಟೊರೊಂಟೊ ತುಂಗೆ

ಗಡಿ ಈಚೆಯಿಂದ ಒಂದು ಮಾತು. ನಾವಿಲ್ಲಿ ಹೋಗೋದು ಆಲ್ಗೊಂಕ್ವಿನ್ ಪಾರ್ಕಿಗೆ, ಟೊರೊಂಟೊದಿಂದ ಮೂರು ಗಂಟೆ ದಾರಿ. 1893ರಲ್ಲಿ ಆದ ಪಾರ್ಕು, 7,600 ಚದರ ಕಿ.ಮೀ. ಮೇಲಿದೆ. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಉಂಟು. ಆಲ್ಗೊಂಕ್ವಿನ್‌ನಲ್ಲಿ ಯಾವ ರಾತ್ರಿ ಯಾವ ಕೆರೆ ಅಂತ ಮೊದಲೇ ಬುಕ್ ಮಾಡಬೇಕು, ಗಾಳಿ ಬಂದರೂ ಆ ಕೆರೆಗೆ ತಲುಪಬೇಕು ಅನ್ನೋ ಒತ್ತಡ ಇರುತ್ತೆ. ಬೌಂಡರಿ ವಾಟರ್ಸ್‌ನಲ್ಲಿ ಒಳಗೆ ಹೋಗುವ ದಿನ ಮತ್ತು ಜಾಗ ಮಾತ್ರ ನಿಗದಿ, ಆಮೇಲೆ ಖಾಲಿ ಇರುವ ಯಾವ ಕ್ಯಾಂಪಾದರೂ ನಿಮ್ಮದೇ. ಈ ಸ್ವಾತಂತ್ರ್ಯ ಕೈಲಿರುವಾಗ ದಿನಕ್ಕಿಷ್ಟು ದೂರ ಅಂತ ಕಟ್ಟಿಹಾಕಿಕೊಳ್ಳಬೇಡಿ.

ವೀಸಾ: ಲೇಕ್ ಒನ್‌ನಿಂದ ಇನ್ಸುಲಾವರೆಗೆ ಗಡಿಯ ಮಾತೇ ಇಲ್ಲ, ಎಲ್ಲವೂ ಮಿನ್ನೆಸೋಟದ ಒಳಗೆ. ಆದರೆ ಮುಂದೆಂದಾದರೂ ಬಾಸ್‌ವುಡ್, ಕ್ರೂಕೆಡ್, ನೈಫ್, ಸಗನಾಗಾ ಕಡೆ ಹೋದರೆ ಗಡಿ ಕೆರೆಯ ನಡುವೆಯೇ ಹಾದು ಹೋಗುತ್ತೆ, ಬೇಲಿ ಇಲ್ಲ, ಫಲಕ ಇಲ್ಲ. ಆಚೆ ದಡದಲ್ಲಿ ಊಟಕ್ಕೆ ಅಂತ ಇಳಿದರೂ ನೀವು ಕೆನಡಾದಲ್ಲಿದ್ದೀರಿ. ಭಾರತದ ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಇರುವವರಿಗೆ ಅದಕ್ಕೆ ಕೆನಡಾ ವೀಸಾ ಬೇಕು. ಗಡಿ ಆಚೆಯ ಕೆನಡಾ ಪಾರ್ಕು ಕ್ವೆಟಿಕೋ ಆಸೆ ಇದ್ದರೆ ಕಾಗದಪತ್ರ ಮೊದಲು, ದೋಣಿ ಆಮೇಲೆ.

ಮಲೆನಾಡ ಜೀರುಂಡೆ

ಈ ದಾರಿಯಲ್ಲಿ ಹೋಗುವವರು ತಿಳಿದಿರಬೇಕಾದ ಒಂದು ಸಂಗತಿ. 2011ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಪಗಾಮಿ ಕ್ರೀಕ್ ಹತ್ತಿರ ಹೊತ್ತಿದ ಸಣ್ಣ ಬೆಂಕಿ, ಸೆಪ್ಟೆಂಬರ್ 12ರಂದು ಗಾಳಿಗೆ ಸಿಕ್ಕಿ ಒಂದೇ ದಿನ ಸುಮಾರು 16 ಮೈಲಿ ಓಡಿತು. ಒಟ್ಟು 90,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಜನರನ್ನು ಹೊರಗೆ ಕಳಿಸಲು ಹೋಗಿದ್ದ ಅರಣ್ಯ ಸಿಬ್ಬಂದಿಯೇ ಬೆಂಕಿಯಲ್ಲಿ ಸಿಕ್ಕಿಬಿದ್ದು, ಬೆಂಕಿ ತಡೆಯುವ ಹೊದಿಕೆಯೊಳಗೆ ಜೀವ ಉಳಿಸಿಕೊಂಡರು. ನಂಬರ್ ಕೆರೆಗಳಿಂದ ಇನ್ಸುಲಾವರೆಗೆ ದಡದಲ್ಲಿ ಒಣಗಿ ನಿಂತ ಬೂದು ಬಣ್ಣದ ಕಾಂಡಗಳು, ಅವುಗಳ ಕೆಳಗೆ ಒತ್ತಾಗಿ ಎದ್ದ ಎಳೆಯ ಜ್ಯಾಕ್ ಪೈನ್ ನೋಡಿದಾಗ ಯಾಕೆ ಹೀಗಿದೆ ಅಂತ ಮಕ್ಕಳಿಗೆ ಹೇಳಿ. ಆ ಮರದ ಕಾಯಿ ಅಂಟಿನಿಂದ ಬಿಗಿದಿರುತ್ತೆ, ಬೆಂಕಿಯ ಬಿಸಿಗೆ ಬಾಯಿ ಬಿಟ್ಟು ಬೀಜ ಉದುರಿಸುತ್ತೆ. ಸುಟ್ಟ ಜಾಗದಲ್ಲಿ ಬ್ಲೂಬೆರಿ ಪೊದೆಯೂ ಚೆನ್ನಾಗಿ ಬರುತ್ತೆ.

ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ಒಣಮರ ಇದೆಯಾ ನೋಡಿ. ಬೆಂಕಿ ಹಾಕುವುದು ಕ್ಯಾಂಪಿನ ಕಬ್ಬಿಣದ ಜಾಲರಿಯಲ್ಲಿ ಮಾತ್ರ, ಅದೂ ಆ ವಾರ ನಿರ್ಬಂಧ ಇಲ್ಲದಿದ್ದರೆ. ಉರುವಲು ನೆಲಕ್ಕೆ ಬಿದ್ದ ಒಣ ಕಟ್ಟಿಗೆ, ಮಣಿಕಟ್ಟಿಗಿಂತ ದಪ್ಪ ಬೇಡ.

ಇನ್ನೊಂದು ಮಾತು ನನಗೆ ಮುಖ್ಯ. ಇದು ಜನರಿಲ್ಲದ ಕಾಡಲ್ಲ, ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ನೆಲ. ಈ ಪೋರ್ಟೇಜ್ ದಾರಿಗಳನ್ನು ಭೂರ್ಜದ ತೊಗಟೆಯ ದೋಣಿ ಹೊತ್ತು ಸವೆಸಿದವರು ಅವರು, ತುಪ್ಪಳದ ವ್ಯಾಪಾರಿಗಳು ಬಂದದ್ದು ಆಮೇಲೆ. 1854ರ ಒಪ್ಪಂದದಲ್ಲಿ ಭೂಮಿ ಬಿಟ್ಟುಕೊಟ್ಟರೂ ಬೇಟೆ, ಮೀನು, ಕಾಡುತ್ಪತ್ತಿಯ ಹಕ್ಕನ್ನು ಉಳಿಸಿಕೊಂಡಿದ್ದಾರೆ, ಇವತ್ತಿಗೂ ಬಳಸುತ್ತಾರೆ. ಆಗಸ್ಟ್ ಕೊನೆಗೆ ತಗ್ಗು ನೀರಲ್ಲಿ ಕಾಡುಭತ್ತ ತೆನೆ ಬಿಟ್ಟಿರುತ್ತೆ. ಅದರ ನಡುವೆ ದೋಣಿ ನುಗ್ಗಿಸಬೇಡಿ, ಬಳಸಿ ಹೋಗಿ.

ಹೇಮಾವತಿ ಹೊನಲು

ಇಷ್ಟು ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಈಗಿನ ಲೆಕ್ಕ ಇದು. ಹಿಂದಿನ ರಾತ್ರಿ ಹತ್ತಿರದ ಊರು ಎಲಿಯಲ್ಲಿ ತಂಗಿ, ಬೆಳಿಗ್ಗೆ ಬೇಗ ಲೇಕ್ ಒನ್. ಮೊದಲ ರಾತ್ರಿ ಲೇಕ್ ತ್ರೀ. ಎರಡನೇ ದಿನ ಹಡ್ಸನ್, ಅಲ್ಲೇ ಎರಡು ರಾತ್ರಿ, ಮಧ್ಯದ ದಿನ ಹವೆ ಒಪ್ಪಿದರೆ ಇನ್ಸುಲಾ. ನಾಲ್ಕನೇ ರಾತ್ರಿ ಟೂ ಅಥವಾ ತ್ರೀ, ಐದನೇ ದಿನ ಮಧ್ಯಾಹ್ನದೊಳಗೆ ಹೊರಗೆ. ಗಾಳಿ ಜೋರಾದರೆ ಇನ್ಸುಲಾ ಬಿಡ್ತೀವಿ. ಮೂರು ಸೀಟಿನ ಎರಡು ಕೆವ್ಲಾರ್, ಎರಡು ಕರಡಿ ಡಬ್ಬಿ, ಫೋನ್ ಸಿಗ್ನಲ್ ಇಲ್ಲದ ಕಡೆಯಿಂದ ಸಂದೇಶ ಕಳಿಸೋಕೆ ಒಂದು ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗೆ. ಪರ್ಮಿಟ್ ಯಾವಾಗ, ಹೇಗೆ?

ಎಲಿ ದಾರಿಹೋಕ

ಈ ಲೆಕ್ಕ ಒಪ್ಪಿದೆ. ಒಂದೇ ಎಚ್ಚರಿಕೆ: ಲೇಕ್ ಒನ್ ಕೊಲ್ಲಿಗಳಿಂದ ತುಂಬಿದೆ, ಮೊದಲ ಗಂಟೆಯಲ್ಲೇ ದಾರಿ ತಪ್ಪೋರು ಬಹಳ. ನಕ್ಷೆ ಮುಂದಿನವರ ತೊಡೆ ಮೇಲೆ ಬಿಚ್ಚಿಟ್ಟಿರಲಿ, ದಿಕ್ಸೂಚಿ ಜೊತೆಗಿರಲಿ, ಪ್ರತಿ ದ್ವೀಪ ದಾಟಿದಾಗಲೂ ಬೆರಳಿಟ್ಟು ಗುರುತು ಮಾಡಿ. ಆ ಕೆಲಸ ಮಗಳಿಗೆ ಕೊಡಿ. ಒಳಗೆ ಫೋನ್ ಸಿಗ್ನಲ್ ನಂಬಬೇಡಿ.

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗಲು ಕೋಟಾ ಪರ್ಮಿಟ್ ಬೇಕು. ಬುಕಿಂಗ್ ಜನವರಿಯ ಕೊನೆಯ ಬುಧವಾರ ಬೆಳಿಗ್ಗೆ 9ಕ್ಕೆ ತೆರೆಯುತ್ತೆ. ಲೇಕ್ ಒನ್ ಅಂದರೆ 30ನೇ ನಂಬರಿನ ಎಂಟ್ರಿ ಪಾಯಿಂಟ್ (ಒಳಗೆ ಹೋಗುವ ಜಾಗ), ಅದಕ್ಕೆ ಬೇಡಿಕೆ ಜಾಸ್ತಿ, ಎಂಟೂ ಮುಕ್ಕಾಲಿಗೇ ಲಾಗಿನ್ ಆಗಿ ಕೂತಿರಿ. ದೊಡ್ಡವರಿಗೆ ಇಡೀ ಪ್ರವಾಸಕ್ಕೆ 16 ಡಾಲರ್, ಮಕ್ಕಳಿಗೆ 8, ಮೇಲೆ ಬುಕಿಂಗ್ ಶುಲ್ಕ 6. ಗುಂಪು 9 ಜನ, 4 ದೋಣಿ ಮೀರುವಂತಿಲ್ಲ, ನಿಮಗೆ ಆ ತೊಂದರೆ ಇಲ್ಲ. ನಾಯಕರ ಹೆಸರಿನ ಜೊತೆ ಬದಲಿ ನಾಯಕರ ಹೆಸರನ್ನೂ ಅವತ್ತೇ ಹಾಕಿ. ಅವರಲ್ಲೊಬ್ಬರು ಗುರುತಿನ ಚೀಟಿ ಹಿಡಿದು, ಹೊರಡುವ ದಿನ ಅಥವಾ ಹಿಂದಿನ ದಿನ, ಖುದ್ದಾಗಿ ಹೋಗಿ ಪರ್ಮಿಟ್ ತಗೋಬೇಕು. ಒಂದು ಸಲ ಹೊರಗೆ ಬಂದರೆ ಅದೇ ಪರ್ಮಿಟ್‌ನಲ್ಲಿ ಮತ್ತೆ ಒಳಗೆ ಹೋಗುವ ಹಾಗಿಲ್ಲ.

ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯ ವಾರಾಂತ್ಯ ತಪ್ಪಿಸಿ. ಭಾನುವಾರ ಅಥವಾ ಸೋಮವಾರ ಒಳಗೆ ಹೋದರೆ ಕ್ಯಾಂಪ್ ಸಿಗೋದು ಸುಲಭ.

ಧಾರವಾಡದಾಂವ

ಭಾನುವಾರ ಹೋಗ್ರಿ, ಅವತ್ತು ಮಂದಿ ಹೊರಗ ಬರೋ ದಿನ. ಥಾಮಸ್ ಕೆರಿ ಮುಂದಿನ ಸಲಕ್ಕ ಇರಲಿ. ಆ ಸುತ್ತಿನ ಒಂದೊಂದು ಕ್ಯಾಂಪಿನ ಗುರುತು ನನ್ನ ಹತ್ರ ಅದ, ಬೇಕಂದಾಗ ಕೇಳ್ರಿ.

ಹೇಮಾವತಿ ಹೊನಲು

ಖಂಡಿತ ಕೇಳ್ತೀವಿ. ಬದಲಿ ನಾಯಕರಾಗಿ ಇನ್ನೊಂದು ಮನೆಯ ಇಬ್ಬರ ಹೆಸರೂ ಹಾಕ್ತೀವಿ. ಭಾನುವಾರ ಸಿಗದಿದ್ದರೆ ಸೋಮವಾರ, ಅದೂ ಇಲ್ಲದಿದ್ದರೆ ಅದಕ್ಕೂ ಒಂದು ವಾರ ಮುಂಚೆ ಅಂತ ಎರಡೂ ಮನೆಯಲ್ಲಿ ರಜೆ ಕೇಳಿಟ್ಟಿದ್ದೀವಿ.